ಆಟಿಸಂ ಮತ್ತು ಕಲಿಕೆ: ವಿವರಗಳ ಮೇಲಿನ ಗಮನ, ಆಸಕ್ತಿಯ ತೀವ್ರತೆ

ಆಟಿಸಂ ಅಥವಾ ಸ್ವಲೀನತೆ ಇರುವ ವಿದ್ಯಾರ್ಥಿಗಳ ಓದಿನಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಉಳಿದವರು ಗಮನಿಸದೆ ದಾಟಿಹೋಗುವ ಸಣ್ಣ ವಿವರ ಇವರ ಕಣ್ಣಿಗೆ ಮೊದಲು ಬೀಳುತ್ತದೆ. ಯಾವುದಾದರೊಂದು ವಿಷಯ ಮನಸ್ಸಿಗೆ ಹಿಡಿಸಿತೆಂದರೆ ಅದರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಳುಗಿರಬಲ್ಲರು. ರೈಲಿನ ವೇಳಾಪಟ್ಟಿ, ಗ್ರಹಗಳು, ಕೀಟಗಳು, ಲಿಪಿಗಳು, ಲಿಫ್ಟಿನ ಯಂತ್ರ, ಯಾವುದೋ ಒಂದು ರಾಜವಂಶ, ಹೀಗೆ ವಿಷಯ ಯಾವುದೂ ಆಗಬಹುದು. ವೈದ್ಯಕೀಯ ಕೈಪಿಡಿಗಳು ಈ ಆಸಕ್ತಿಯನ್ನು ರೋಗಲಕ್ಷಣಗಳ ಪಟ್ಟಿಯಲ್ಲಿಟ್ಟವು. ಎಷ್ಟೋ ಶಾಲೆಗಳು ಅದನ್ನು ಹಟ ಎಂದುಕೊಂಡವು. ಕಳೆದ ನಲವತ್ತು ವರ್ಷಗಳ ಸಂಶೋಧನೆ ಮತ್ತು ಆಟಿಸಂ ಇರುವವರೇ ಬರೆದ ಪುಸ್ತಕ, ಪ್ರಬಂಧಗಳಿಂದ ಬೇರೆ ಮಾತು ಹೊರಬಿದ್ದಿದೆ: ಇವರಲ್ಲಿ ಬಹಳ ಮಂದಿಗೆ ಕಲಿಕೆ ನಡೆಯುವುದೇ ಆ ದಾರಿಯಿಂದ, ಅದನ್ನು ಮುಚ್ಚಿದರೆ ಓದೂ ನಿಲ್ಲುತ್ತದೆ.

ಆದರೆ ಆಟಿಸಂ ಒಂದೇ ಅಚ್ಚಿನದಲ್ಲ. ಮಾತೇ ಬಾರದ, ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಾದ ಮಕ್ಕಳಿದ್ದಾರೆ. ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಪ್ರಾಧ್ಯಾಪಕರಿದ್ದಾರೆ. ಬೌದ್ಧಿಕ ಅಂಗವೈಕಲ್ಯವೂ ಜೊತೆಗಿರುವವರಿದ್ದಾರೆ. ಜಗತ್ತಿನಲ್ಲಿ ಸುಮಾರು 100 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದ್ದ ಅಂದಾಜು. ಇಷ್ಟು ದೊಡ್ಡ ಸಮೂಹದಲ್ಲಿ ಎಲ್ಲರೂ ಒಂದೇ ರೀತಿ ನೋಡುತ್ತಾರೆ, ಒಂದೇ ರೀತಿ ಓದುತ್ತಾರೆ ಎನ್ನಲಾಗದು. ಇಲ್ಲಿ ಹೇಳುವುದು ಅನೇಕರಲ್ಲಿ ಕಂಡ ಒಲವನ್ನು ಮಾತ್ರ.

ಮೊದಲ ದಾಖಲೆಗಳು

ಕೀವ್‌ನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಕೆಲಸ ಮಾಡುತ್ತಿದ್ದ ಮನೋವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲಿ ಆರು ಹುಡುಗರ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು. ಮರುವರ್ಷ ಅದು ಜರ್ಮನ್ ಭಾಷೆಯಲ್ಲೂ ಬಂತು. ಒಂಟಿಯಾಗಿರುವುದು, ಒಂದೇ ವಿಷಯಕ್ಕೆ ಅಂಟಿಕೊಳ್ಳುವುದು, ಸಂಗೀತದ ಒಲವು, ಸದ್ದಿಗೆ ವಿಪರೀತ ಬೆಚ್ಚುವುದು ಮುಂತಾಗಿ ಇಂದು ಆಟಿಸಂ ಎಂದು ಗುರುತಿಸುವ ಅನೇಕ ಅಂಶಗಳು ಅದರಲ್ಲಿದ್ದವು. ಇಂಗ್ಲಿಷ್ ಬಲ್ಲ ಓದುಗರಿಗೆ ಅದು ಸಿಕ್ಕಿದ್ದು 1996ರಲ್ಲಿ, ಸೂಲಾ ವುಲ್ಫ್ ಅನುವಾದ ಮಾಡಿದ ಮೇಲೆ.

ಜಗತ್ತು ಮೊದಲು ಓದಿದ್ದು ಲಿಯೋ ಕ್ಯಾನರ್ ಅವರ 1943ರ ಪ್ರಬಂಧವನ್ನು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ತಾವು ಕಂಡ 11 ಮಕ್ಕಳ ಕಥೆಯನ್ನು ಅವರು ಅದರಲ್ಲಿ ದಾಖಲಿಸಿದರು. ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಆತನ ತಂದೆ ಬರೆದು ಕಳಿಸಿದ್ದ ವಿವರಣೆ ಟೈಪ್ ಮಾಡಿದ 33 ಪುಟಗಳಷ್ಟಿತ್ತು. ಎರಡು ವರ್ಷದ ಹೊತ್ತಿಗೆ ಹುಡುಗ ಬೈಬಲ್ಲಿನ 23ನೆಯ ಕೀರ್ತನೆಯನ್ನೂ ಚರ್ಚಿನ 25 ಪ್ರಶ್ನೋತ್ತರಗಳನ್ನೂ ಬಾಯಿಪಾಠ ಒಪ್ಪಿಸುತ್ತಿದ್ದ. ಅಕ್ಷರಮಾಲೆ ಮುಂದಿನಿಂದಲೂ ಹಿಂದಿನಿಂದಲೂ ಬರುತ್ತಿತ್ತು. ಒಂದು ಸನ್ನಿವೇಶವಾಗಲಿ, ಒಂದು ವಾಕ್ಯವಾಗಲಿ ಮೊದಲ ಸಲ ಯಾವ ಭಾಗಗಳಿಂದ ಕೂಡಿತ್ತೋ ಅದೇ ಭಾಗಗಳೊಂದಿಗೆ ಮತ್ತೆ ಬರದಿದ್ದರೆ ಈ ಮಕ್ಕಳಿಗೆ ಅದು ಪೂರ್ಣ ಅನ್ನಿಸುವುದಿಲ್ಲ ಎಂದು ಕ್ಯಾನರ್ ಗಮನಿಸಿದರು. ಬಿಡಿಭಾಗಗಳಿಂದ ಇಡಿಯ ಕಡೆಗೆ ಸಾಗುವ ಈ ನೋಟದ ಬಗ್ಗೆ ಮುಂದೆ ನಡೆದ ಸಂಶೋಧನೆಗೆ ಬೀಜ ಬಿದ್ದದ್ದು ಇಲ್ಲಿ.

ಡೊನಾಲ್ಡನ ಮುಂದಿನ ಬದುಕು ಈ ವಿಷಯಕ್ಕೆ ಇನ್ನೂ ಹತ್ತಿರದ್ದು. 1942ರಲ್ಲಿ ಹೆತ್ತವರು ಅವನನ್ನು ಊರಿನಿಂದ ಹತ್ತು ಮೈಲಿ ದೂರದ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್‌ಗೆ ಆಶ್ಚರ್ಯ ಕಾದಿತ್ತು. ಹುಡುಗನಿಗೆ ಏನು ಕಂಡರೂ ಅಳೆಯುವ ಹುಚ್ಚು. ಆ ದಂಪತಿ ಅವನ ಕೈಯಿಂದ ಬಾವಿ ತೋಡಿಸಿ ಆಳವೆಷ್ಟೆಂದು ವರದಿ ಕೇಳುತ್ತಿದ್ದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಅವಕ್ಕೊಂದು ಸ್ಮಶಾನದ ಜಾಗ ಕೊಟ್ಟು, ಒಂದೊಂದಕ್ಕೂ ಗುರುತಿನ ಪಟ್ಟಿ ನೆಡಲು ಹೇಳಿದರು. ಜೋಳದ ಸಾಲುಗಳನ್ನು ಸುಮ್ಮನೆ ಎಣಿಸುತ್ತ ನಿಲ್ಲುತ್ತಿದ್ದವನ ಕೈಗೆ ನೇಗಿಲು ಕೊಟ್ಟು, ಉಳುತ್ತ ಎಣಿಸು ಎಂದರು. ಕ್ಯಾನರ್ ನೋಡುತ್ತಿದ್ದಂತೆಯೇ ಅವನು ಆರು ಉದ್ದದ ಸಾಲು ಉತ್ತ, ಕುದುರೆಯನ್ನು ತಿರುಗಿಸಿದ ರೀತಿಯೂ ಚೆನ್ನಾಗಿತ್ತು. ಅವನ ವಿಚಿತ್ರಗಳನ್ನು ಒಪ್ಪಿಕೊಂಡಿದ್ದ ಹಳ್ಳಿಯ ಶಾಲೆಗೆ ಅವನು ಹೋಗುತ್ತಿದ್ದ. ಮುಂದೆ ಡೊನಾಲ್ಡ್ ಮಿಲ್ಸಾಪ್ಸ್ ಕಾಲೇಜಿನಲ್ಲಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ದುಡಿದು, ಒಬ್ಬರೇ ದೇಶವಿದೇಶ ಸುತ್ತಿ 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿಶೇಷ ಶಿಕ್ಷಣ ಎಂಬ ವಿದ್ಯೆ ಇನ್ನೂ ಬೆಳೆಯದ ಕಾಲದಲ್ಲಿ ಆ ರೈತ ದಂಪತಿ ಮಾಡಿದ ಕೆಲಸವನ್ನು ಇಂದಿಗೂ ಶಿಕ್ಷಕರ ತರಬೇತಿಯಲ್ಲಿ ಮೊದಲ ಪಾಠವಾಗಿ ಇಡಬಹುದು.

ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದ ಪ್ರಬಂಧದಲ್ಲಿ ತೀವ್ರ ಆಸಕ್ತಿಗೆ ದೊಡ್ಡ ಸ್ಥಾನವಿದೆ. ರಸಾಯನಶಾಸ್ತ್ರದ ಪ್ರಯೋಗಗಳಿಗೆ ಕೈಲಿದ್ದ ದುಡ್ಡನ್ನೆಲ್ಲ ಸುರಿಯುತ್ತಿದ್ದ ಹುಡುಗ, ವಿಷಗಳ ಬಗ್ಗೆ ಅಪಾರ ತಿಳಿವಳಿಕೆ ಗಳಿಸಿದ್ದ ಇನ್ನೊಬ್ಬ, ವಿದ್ಯಾರ್ಥಿಯಾಗಿದ್ದಾಗಲೇ ನ್ಯೂಟನ್‌ನ ಕೃತಿಯಲ್ಲೊಂದು ಗಣಿತದ ತಪ್ಪು ಹುಡುಕಿ ಮುಂದೆ ಖಗೋಳಶಾಸ್ತ್ರದ ಅಧ್ಯಾಪಕನಾದವನು, ಇವರೆಲ್ಲ ಅಲ್ಲಿ ಬರುತ್ತಾರೆ. ಈ ಆಸಕ್ತಿಗಳೇ ಮುಂದೆ ವೃತ್ತಿಯಾಗಬಲ್ಲವು ಎಂದು ಅವರು ಬರೆದರು. ಅದೇ ಆಸ್ಪರ್ಗರ್ ನಾಜಿ ಆಡಳಿತದ ಮಕ್ಕಳ ಹತ್ಯೆಯ ವ್ಯವಸ್ಥೆಗೆ ಸಹಕರಿಸಿದ್ದರೆಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಗಳ ಸಮೇತ ತೋರಿಸಿದರು. ಕೆಲವು ಮಕ್ಕಳ ಪ್ರತಿಭೆಯನ್ನು ಹೊಗಳಿದ ಕೈಯೇ ಬೇರೆ ಮಕ್ಕಳನ್ನು ಸಾವಿನ ಆಸ್ಪತ್ರೆಗೆ ಕಳಿಸಿತ್ತು. ಉಪಯೋಗಕ್ಕೆ ಬರುವ ಪ್ರತಿಭೆ ಇದ್ದರೆ ಮಾತ್ರ ಮಗುವಿಗೆ ಬೆಲೆ ಎಂಬ ವಾದ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ಭೀಕರ ಸಾಕ್ಷಿ ಬೇಕಿಲ್ಲ.

ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ

ವಿವರಗಳ ಮೇಲಿನ ಗಮನವನ್ನು ಪ್ರಯೋಗಶಾಲೆಗೆ ತಂದವರು ಲಂಡನ್ನಿನ ಅಮಿತಾ ಶಾ ಮತ್ತು ಉಟಾ ಫ್ರಿತ್. 1983ರಲ್ಲಿ ಅವರು ಮಕ್ಕಳಿಗೆ ಚಿತ್ರಗಳನ್ನು ಕೊಟ್ಟು, ಅವುಗಳಲ್ಲಿ ಅಡಗಿದ್ದ ತ್ರಿಕೋನದಂಥ ಸಣ್ಣ ಆಕೃತಿಯನ್ನು ಹುಡುಕಲು ಹೇಳಿದರು. ಉಳಿದ ಮಕ್ಕಳ ಕಣ್ಣು ಇಡೀ ಚಿತ್ರಕ್ಕೆ ಸಿಕ್ಕಿಬಿದ್ದು ತಡವರಿಸಿದರೆ, ಆಟಿಸಂ ಇದ್ದ ಮಕ್ಕಳು ತಮ್ಮ ಮಾನಸಿಕ ವಯಸ್ಸಿಗೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಆಕೃತಿಗಳನ್ನು ಗುರುತಿಸಿದರು.

ಅದೇ ಇಬ್ಬರ 1993ರ ಪ್ರಯೋಗ ಇನ್ನೂ ಜಾಣತನದ್ದು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಬಣ್ಣದ ಘನಗಳನ್ನು ಜೋಡಿಸಿ ಕಾರ್ಡಿನ ಮೇಲಿನ ವಿನ್ಯಾಸ ಮಾಡಿ ತೋರಿಸುವ ಒಂದು ಭಾಗವಿದೆ. ಆಟಿಸಂ ಇದ್ದವರು ಇದರಲ್ಲಿ ಮುಂದಿರುತ್ತಿದ್ದರು. ಸಂಶೋಧಕರು ಕಾರ್ಡಿನ ಮೇಲಿನ ವಿನ್ಯಾಸವನ್ನೇ ಮೊದಲು ಚೌಕ ಚೌಕವಾಗಿ ಬಿಡಿಸಿ ತೋರಿಸಿದಾಗ ಉಳಿದವರ ವೇಗ ಏರಿತು, ಆಟಿಸಂ ಇದ್ದವರ ವೇಗದಲ್ಲಿ ಹೆಚ್ಚು ಬದಲಾವಣೆ ಆಗಲಿಲ್ಲ. ಅವರು ಹೇಗೂ ವಿನ್ಯಾಸವನ್ನು ಮನಸ್ಸಿನಲ್ಲೇ ಬಿಡಿಸಿಕೊಂಡು ನೋಡುತ್ತಿದ್ದರು. ಬಿಡಿ ಸಂಗತಿಗಳನ್ನು ಒಂದು ಅರ್ಥಕ್ಕೆ ಕೂಡಿಸುವ ಸೆಳೆತ ಇವರಲ್ಲಿ ದುರ್ಬಲ ಎಂಬ ಸಿದ್ಧಾಂತವನ್ನು ಫ್ರಿತ್ 1989ರಲ್ಲಿ ಮಂಡಿಸಿದ್ದರು. 2006ರಲ್ಲಿ ಫ್ರಾನ್ಸೆಸ್ಕಾ ಹಾಪೆ ಜೊತೆಗೂಡಿ ಅವರೇ ಅದನ್ನು ತಿದ್ದಿ, ಇದು ಕೊರತೆ ಅನ್ನುವುದಕ್ಕಿಂತ ಒಂದು ಶೈಲಿ ಎಂದು ಹೇಳಿದರು. ಇಡಿಯಾಗಿ ನೋಡಿ ಎಂದು ಸ್ಪಷ್ಟವಾಗಿ ಕೇಳಿದರೆ ಅನೇಕರು ಇಡಿಯಾಗಿಯೂ ನೋಡಬಲ್ಲರು; ತಾನಾಗಿ ಕಣ್ಣು ಹೋಗುವುದು ಮಾತ್ರ ವಿವರಕ್ಕೆ.

ಮಾಂಟ್ರಿಯಲ್‌ನ ಮನೋವೈದ್ಯ ಲೊರಾಂ ಮೊಟ್ರೊಂ ಇದನ್ನು ಇನ್ನೊಂದು ತುದಿಯಿಂದ ವಿವರಿಸಿದರು. ಅವರ ಪ್ರಕಾರ ಆಟಿಸಂನಲ್ಲಿ ನೋಟ ಮತ್ತು ಶ್ರವಣದ ಶಕ್ತಿಯೇ ಹೆಚ್ಚು. ಅದು ಯೋಚನೆಯೊಳಕ್ಕೂ ಇಳಿದು ಕೆಲಸ ಮಾಡುತ್ತದೆ. ಅವರ ತಂಡದಲ್ಲಿ ಮಿಶೆಲ್ ಡಾಸನ್ ಎಂಬ ಸಂಶೋಧಕಿ ಇದ್ದಾರೆ. ಮೊದಲು ಅಂಚೆ ಇಲಾಖೆಯಲ್ಲಿ ದುಡಿಯುತ್ತಿದ್ದ, ಸ್ವತಃ ಆಟಿಸಂ ಇರುವ ಡಾಸನ್ ಮುಂದಾಳುತನದಲ್ಲಿ 2007ರಲ್ಲಿ ಬಂದ ಪ್ರಬಂಧ ಬಹಳ ಚರ್ಚೆಯಾಯಿತು. ಹಲವು ಪ್ರಶ್ನೆಗಳನ್ನು ಮಾತಿನಲ್ಲಿ ಕೇಳುವ ವೆಕ್ಸ್ಲರ್ ಪರೀಕ್ಷೆ ಮತ್ತು ಚಿತ್ರಗಳ ಕ್ರಮ ನೋಡಿ ಬಿಟ್ಟ ಭಾಗವನ್ನು ತುಂಬಬೇಕಾದ ರೇವನ್ ಪರೀಕ್ಷೆ, ಈ ಎರಡನ್ನೂ ಒಂದೇ ಮಕ್ಕಳಿಗೆ ಕೊಟ್ಟು ಅವರು ಹೋಲಿಸಿದರು. ಆಟಿಸಂ ಇದ್ದ ಮಕ್ಕಳ ಸ್ಥಾನ ರೇವನ್ ಪರೀಕ್ಷೆಯಲ್ಲಿ ವೆಕ್ಸ್ಲರ್‌ಗಿಂತ ಸರಾಸರಿ 30 ಪರ್ಸೆಂಟೈಲ್‌ನಷ್ಟು ಮೇಲಿತ್ತು. ಉಳಿದ ಮಕ್ಕಳಲ್ಲಿ ಇಂಥ ಅಂತರ ಇರಲಿಲ್ಲ. ಅಂದರೆ ಯಾವ ಪ್ರಶ್ನೆಪತ್ರಿಕೆ ಕೈಗೆ ಕೊಟ್ಟರು ಎಂಬುದರ ಮೇಲೆ ಮಗು ಜಾಣನೋ ದಡ್ಡನೋ ಎಂಬ ತೀರ್ಪು ಬದಲಾಗುತ್ತಿತ್ತು.

ಅದೇ ಗುಂಪಿನ ವಲೆರಿ ಕೂರ್ಶೆನ್ ಮತ್ತು ಸಂಗಡಿಗರು 2015ರಲ್ಲಿ ಮಾತು ಬಾರದ ಅಥವಾ ಬಹಳ ಕಡಿಮೆ ಬರುವ 30 ಮಕ್ಕಳನ್ನು ಪರೀಕ್ಷಿಸಿದರು. ವೆಕ್ಸ್ಲರ್ ಪರೀಕ್ಷೆಯನ್ನು ಅವರಲ್ಲಿ ಒಬ್ಬರೂ ಪೂರ್ತಿ ಮಾಡಲಿಲ್ಲ. ಕೈಯಲ್ಲಿ ತುಂಡುಗಳನ್ನು ಎತ್ತಿ ಜೋಡಿಸುವಂತೆ ಮಾರ್ಪಡಿಸಿದ ರೇವನ್ ಪರೀಕ್ಷೆಯನ್ನು 26 ಮಕ್ಕಳು ಮುಗಿಸಿದರು. ಏನೂ ಕಲಿಯಲಾರರು ಎಂದು ಬದಿಗಿಟ್ಟ ಮಕ್ಕಳ ಬಗ್ಗೆ ಇಷ್ಟು ಸ್ಪಷ್ಟವಾಗಿ ಮಾತಾಡುವ ಅಧ್ಯಯನಗಳು ಇನ್ನೂ ಕಡಿಮೆ.

ಅನಾ ರೆಮಿಂಗ್ಟನ್, ನಿಲಿ ಲವೀ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಕೆಲಸ ತರಗತಿಗೆ ನೇರವಾಗಿ ಸಂಬಂಧಿಸಿದ್ದು. ಪರದೆಯ ಮೇಲಿನ ಕೆಲಸ ಕಷ್ಟವಾದಾಗ ಸಾಮಾನ್ಯವಾಗಿ ಪಕ್ಕದಲ್ಲಿ ಸುಳಿಯುವ ಚಿತ್ರ ಗಮನಕ್ಕೆ ಬರುವುದಿಲ್ಲ. ಆಟಿಸಂ ಇದ್ದವರು ಕೆಲಸವನ್ನೂ ಸರಿಯಾಗಿ ಮಾಡಿ ಪಕ್ಕದ ಚಿತ್ರವನ್ನೂ ಗ್ರಹಿಸಿದರು. ಒಂದು ಸಲಕ್ಕೆ ಒಳಗೆ ಬರುವ ಮಾಹಿತಿಯೇ ಹೆಚ್ಚು ಎಂದು ಸಂಶೋಧಕರು ಇದಕ್ಕೆ ಅರ್ಥ ಹೇಳಿದರು. ಪಾಠದ ಜೊತೆಗೆ ಫ್ಯಾನಿನ ಕಿರುಗುಟ್ಟುವಿಕೆ, ಟ್ಯೂಬ್‌ಲೈಟಿನ ಮಿಣುಕು, ಹಿಂದಿನ ಬೆಂಚಿನವನ ಪೆನ್ನಿನ ಟಿಕ್‌ಟಿಕ್ ಎಲ್ಲವೂ ಒಳಗೆ ಬಂದರೆ ಮಗು ದಣಿಯುವುದು ಸಹಜ. ಗಮನವೇ ಇಲ್ಲ ಎಂದು ಬೈಸಿಕೊಳ್ಳುವ ಹುಡುಗಿ ಎಲ್ಲವನ್ನೂ ಗಮನಿಸುತ್ತ ಕೂತಿರಬಹುದು.

ಓದಿನಲ್ಲಿ ಇದು ಲಾಭವಾಗುವ ಸಂದರ್ಭಗಳು ಹಲವು. ಪಠ್ಯಪುಸ್ತಕದ ಅಚ್ಚಿನ ತಪ್ಪು, ಲೆಕ್ಕದ ನಡುವೆ ಬದಲಾದ ಚಿಹ್ನೆ, ಎರಡು ಜಾತಿಯ ಎಲೆಗಳ ಅಂಚಿನ ವ್ಯತ್ಯಾಸ, ರಾಗದಲ್ಲಿ ಜಾರಿದ ಒಂದು ಸ್ವರ, ಇವನ್ನು ಇಂಥ ವಿದ್ಯಾರ್ಥಿಗಳು ಬೇಗ ಹಿಡಿಯುತ್ತಾರೆ. ಆಟಿಸಂ ಇರುವ ಮಕ್ಕಳಲ್ಲಿ ಸ್ವರದ ಸ್ಥಾನವನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಹೆಚ್ಚು ಎಂದು ಪಮೇಲಾ ಹೀಟನ್ ಅವರ ಅಧ್ಯಯನಗಳು 1998ರಿಂದ ತೋರಿಸುತ್ತ ಬಂದಿವೆ. ನಿಯಮ ಹೇಳಿ ಆಮೇಲೆ ಉದಾಹರಣೆ ಕೊಡುವುದು ಶಾಲೆಯ ರೂಢಿ. ಇವರಲ್ಲಿ ಅನೇಕರು ರಾಶಿ ಉದಾಹರಣೆಗಳನ್ನು ನೋಡಿ ನಿಯಮವನ್ನು ತಾವೇ ಕಂಡುಕೊಳ್ಳುತ್ತಾರೆ. ತೊಡಕು ಬರುವುದು ಸಾರಾಂಶ ಬರೆಯುವಾಗ. ಯಾವುದನ್ನು ಬಿಡಬಹುದು ಎಂಬುದೇ ಅಲ್ಲಿನ ಪ್ರಶ್ನೆ. ಎಲ್ಲ ವಿವರವೂ ಒಂದೇ ತೂಕದ್ದಾಗಿ ಕಂಡರೆ ಯಾವುದನ್ನೂ ಬಿಡಲಾಗುವುದಿಲ್ಲ. ಹತ್ತು ಅಂಕದ ಒಂದೇ ಪ್ರಶ್ನೆಗೆ ಆರು ಪುಟ ಬರೆದು ಉಳಿದವುಗಳಿಗೆ ಹೊತ್ತಿಲ್ಲದೆ ನಪಾಸಾದ ಜಾಣರು ಕಡಿಮೆಯಿಲ್ಲ.

ಆಸಕ್ತಿಯ ಆಳ

ಚಿಕ್ಕ ಮಕ್ಕಳಿಗೆ ಡೈನೊಸಾರ್, ಬಸ್ಸು, ವಿಮಾನಗಳ ಹುಚ್ಚು ಹಿಡಿಯುವುದು ಹೊಸತಲ್ಲ. ಸುಮಾರು ಮೂರರಲ್ಲೊಂದು ಪಾಲು ಪುಟ್ಟ ಮಕ್ಕಳಿಗೆ ಇಂಥ ಅತಿ ತೀವ್ರ ಆಸಕ್ತಿ ಇರುತ್ತದೆಂದು ಅಮೆರಿಕದ ಜೂಡಿ ಡಿಲೋಶ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ವರದಿ ಮಾಡಿದರು. ಆಟಿಸಂನಲ್ಲಿ ಕಾಣುವ ವ್ಯತ್ಯಾಸ ಆಳದ್ದು, ಅವಧಿಯದ್ದು, ಮತ್ತು ಬೇರೆ ವಿಷಯಕ್ಕೆ ಹೊರಳುವ ಕಷ್ಟದ್ದು. ಅಮೆರಿಕದ ಮನೋವೈದ್ಯ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಐದನೆಯ ಆವೃತ್ತಿ ಇದನ್ನು ಈಗಲೂ ಸಂಕುಚಿತ, ಅಸಹಜ ತೀವ್ರತೆಯ ಆಸಕ್ತಿ ಎಂದೇ ವರ್ಣಿಸುತ್ತದೆ.

ಒಳಗಿನಿಂದ ಇದು ಹೇಗಿರುತ್ತದೆ ಎಂಬುದಕ್ಕೆ ಒಳ್ಳೆಯ ವಿವರಣೆ ಬಂದದ್ದು ಆಟಿಸಂ ಇರುವವರಿಂದಲೇ. ಡೈನಾ ಮರ್ರೆ, ಮೈಕ್ ಲೆಸ್ಸರ್, ವೆನ್ ಲಾಸನ್ ಎಂಬ ಮೂವರು 2005ರಲ್ಲಿ ಮಾನೊಟ್ರೊಪಿಸಂ ಎಂಬ ಸಿದ್ಧಾಂತ ಮಂಡಿಸಿದರು. ಗಮನ ಎಂಬುದು ಮಿತವಾದ ಸಂಪತ್ತು. ಬಹಳ ಜನ ಅದನ್ನು ಹಲವು ಕಡೆ ಸ್ವಲ್ಪ ಸ್ವಲ್ಪ ಹಂಚುತ್ತಾರೆ, ಆಟಿಸಂ ಇರುವವರು ಒಂದೆರಡು ಕಡೆಗೆ ಪೂರ್ತಿಯಾಗಿ ಸುರಿಯುತ್ತಾರೆ ಎಂಬುದು ಅದರ ತಿರುಳು. ಹಾಗೆ ಸುರಿದಾಗ ಆ ವಿಷಯ ಬೆಳಗುತ್ತದೆ, ಸುತ್ತಲಿನದೆಲ್ಲ ಮಸುಕಾಗುತ್ತದೆ. ಊಟಕ್ಕೆ ಕರೆದದ್ದು ಕೇಳಿಸುವುದಿಲ್ಲ. ಗಂಟೆ ಹೊಡೆದ ಕೂಡಲೆ ಗಣಿತದಿಂದ ಇತಿಹಾಸಕ್ಕೆ ಹಾರು ಎಂದರೆ ಮೈಮೇಲೆ ತಣ್ಣೀರು ಎರಚಿದಂತಾಗುತ್ತದೆ. ಲಕ್ಷಣಗಳ ಪಟ್ಟಿಯಲ್ಲಿ ದೂರ ದೂರ ಕೂತಿದ್ದ ಎಷ್ಟೋ ಸಂಗತಿಗಳನ್ನು ಒಂದೇ ಎಳೆಯಲ್ಲಿ ವಿವರಿಸುತ್ತದೆ ಎಂಬುದೇ ಈ ಸಿದ್ಧಾಂತದ ಬಲ.

ರೇಚೆಲ್ ಗ್ರೋವ್ ಮತ್ತು ಸಂಗಡಿಗರು 2018ರಲ್ಲಿ ವಯಸ್ಕರ ನಡುವೆ ಮಾಡಿದ ಅಧ್ಯಯನದಲ್ಲಿ ಹೆಚ್ಚಿನವರಿಗೆ ಇಂಥ ಆಸಕ್ತಿ ಇತ್ತು, ಅದು ನೆಮ್ಮದಿಗೂ ನೆರವಾಗಿತ್ತು. ತೀವ್ರತೆ ವಿಪರೀತವಾದಾಗ ಮಾತ್ರ ನೆಮ್ಮದಿ ತಗ್ಗಿತ್ತು. ಹುಡುಗಿಯರಲ್ಲಿ ಆಸಕ್ತಿಯ ವಿಷಯ ಕುದುರೆ, ಬೆಕ್ಕು, ಕಾದಂಬರಿ, ಒಬ್ಬ ನಟ ಎಂಬಂತೆ ಎಲ್ಲರಿಗೂ ಒಪ್ಪಿತವಾದದ್ದೇ ಆಗಿರುವುದರಿಂದ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಹತ್ತಾರು ಬೆಕ್ಕಿನ ತಳಿಗಳ ವಂಶಾವಳಿ ಹೇಳುವ ಹುಡುಗಿಯನ್ನು ಪ್ರಾಣಿಪ್ರಿಯೆ ಎಂದು ಮೆಚ್ಚಿ ಸುಮ್ಮನಾಗುತ್ತಾರೆ. ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಪತ್ತೆಯಾಗಲು ಇದೂ ಒಂದು ಕಾರಣ.

ಟೆಂಪಲ್ ಗ್ರ್ಯಾಂಡಿನ್ ಓದಿದ ಬಗೆ

ವಿವರದ ನೋಟ, ಒಂದೇ ಆಸಕ್ತಿ ಮತ್ತು ಓದು ಮೂರೂ ಒಬ್ಬರಲ್ಲಿ ಕೂಡಿಬಂದದ್ದನ್ನು ನೋಡಬೇಕಾದರೆ ಟೆಂಪಲ್ ಗ್ರ್ಯಾಂಡಿನ್ ಅವರ ಬದುಕನ್ನು ನೋಡಬೇಕು. 1947ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಅವರಿಗೆ ಮಾತು ಬಂದದ್ದು ತಡವಾಗಿ. ಪ್ರೌಢಶಾಲೆಯ ದಿನಗಳಲ್ಲಿ ಅರಿಜೋನಾದ ಅತ್ತೆಯ ದನಗಳ ಫಾರ್ಮಿಗೆ ಹೋಗಿದ್ದಾಗ, ಲಸಿಕೆ ಹಾಕಲು ದನವನ್ನು ಎರಡು ಹಲಗೆಗಳ ನಡುವೆ ಒತ್ತಿ ನಿಲ್ಲಿಸುವ ಚೌಕಟ್ಟನ್ನು ನೋಡಿದರು. ಒತ್ತಡ ಬಿದ್ದ ಕೂಡಲೆ ಕೆಲವು ದನಗಳು ಶಾಂತವಾಗುತ್ತಿದ್ದವು. ಸದಾ ಭಯದಲ್ಲಿರುತ್ತಿದ್ದ ಹುಡುಗಿ ತಾನೂ ಅದರೊಳಗೆ ನಿಂತು ನೋಡಿದಳು, ಮೈ ಹಗುರಾಯಿತು. ಶಾಲೆಗೆ ಮರಳಿದವಳೇ ತನಗೊಂದು ಒತ್ತುಯಂತ್ರ ಕಟ್ಟಿಕೊಂಡಳು.

ಶಾಲೆಯ ಮನೋತಜ್ಞರಿಗೆ ಇದು ಸರಿಕಾಣಲಿಲ್ಲ. ವಿಜ್ಞಾನದ ಮೇಷ್ಟ್ರು ವಿಲಿಯಂ ಕಾರ್ಲಾಕ್ ಮಾತ್ರ ಯಂತ್ರವನ್ನು ಕಿತ್ತುಕೊಳ್ಳಲಿಲ್ಲ. ಒತ್ತಡ ಏಕೆ ಶಾಂತಗೊಳಿಸುತ್ತದೆ ಎಂಬುದು ತಿಳಿಯಬೇಕಾದರೆ ವಿಜ್ಞಾನ ಓದಬೇಕು ಎಂದರು. ಗ್ರಂಥಾಲಯದಲ್ಲಿ ಸಂಶೋಧನ ಪ್ರಬಂಧಗಳನ್ನು ಸೂಚಿಪಟ್ಟಿ ಹಿಡಿದು ಹುಡುಕುವುದನ್ನು ಕಲಿಸಿದರು. ಅಲ್ಲಿಯವರೆಗೆ ಪಾಠದಲ್ಲಿ ರುಚಿಯೇ ಇಲ್ಲದವಳಿಗೆ ಓದಲು ಒಂದು ಕಾರಣ ಸಿಕ್ಕಿತು. 1970ರಲ್ಲಿ ಮನೋವಿಜ್ಞಾನದ ಪದವಿ, 1975ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ, 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಶುವಿಜ್ಞಾನದಲ್ಲಿ ಪಿಎಚ್.ಡಿ. ಬಂದವು. 1992ರಲ್ಲಿ ಅದೇ ಒತ್ತಡದ ವಿಷಯದ ಮೇಲೆ ಅವರು ಪ್ರಬಂಧ ಪ್ರಕಟಿಸಿದರು. ಹುಡುಗಿಯ ವಿಚಿತ್ರ ಹವ್ಯಾಸ ಎಂದು ಮನೋತಜ್ಞರು ಅಂದುಕೊಂಡದ್ದು ಒಂದು ಸಂಶೋಧನೆಯ ಪ್ರಶ್ನೆಯಾಗಿತ್ತು.

ಅವರ ವೃತ್ತಿಯನ್ನು ಕಟ್ಟಿದ್ದು ವಿವರದ ಕಣ್ಣು. ದನಗಳು ಓಣಿಯಲ್ಲಿ ಥಟ್ಟನೆ ನಿಂತುಬಿಡುವುದೇಕೆ ಎಂದು ತಿಳಿಯಲು ಅವರು ದನದ ಎತ್ತರಕ್ಕೆ ಬಗ್ಗಿ ಅದೇ ಓಣಿಯಲ್ಲಿ ನಡೆದರು. ಬೇಲಿಯ ಮೇಲೆ ಯಾರೋ ನೇತುಹಾಕಿದ ಕೋಟು, ತೂಗಾಡುವ ಸರಪಳಿ, ನೆಲದ ಮೇಲೆ ಬಿದ್ದ ಕಪ್ಪು ನೆರಳು, ನೀರಿನಲ್ಲಿ ಹೊಳೆಯುವ ಬೆಳಕು ಇವೇ ಕಾರಣಗಳಾಗಿದ್ದವು. ಅನುಭವಿ ಕೆಲಸಗಾರರೂ ಅವನ್ನು ಕಂಡಿರಲಿಲ್ಲ. ಉತ್ತರ ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳ ಸುಮಾರು ಅರ್ಧ ಪಾಲು ಅವರು ವಿನ್ಯಾಸ ಮಾಡಿದ ವ್ಯವಸ್ಥೆಗಳ ಮೂಲಕ ಹಾದುಹೋಗುತ್ತದೆ ಎನ್ನಲಾಗುತ್ತದೆ. ಆಟಿಸಂ ಇರುವವರೆಲ್ಲ ಚಿತ್ರಗಳಲ್ಲೇ ಯೋಚಿಸುತ್ತಾರೆ ಎಂದು 1995ರ ಪುಸ್ತಕದಲ್ಲಿ ಬರೆದಿದ್ದ ಗ್ರ್ಯಾಂಡಿನ್, ಬಳಿಕ ಆ ಮಾತನ್ನು ಸಡಿಲಿಸಿದರು. ಚಿತ್ರದಲ್ಲಿ ಯೋಚಿಸುವವರು, ವಿನ್ಯಾಸ ಮತ್ತು ಸಂಖ್ಯೆಗಳಲ್ಲಿ ಯೋಚಿಸುವವರು, ಪದಗಳಲ್ಲಿ ಯೋಚಿಸುವವರು ಎಂದು ಹಲವು ಬಗೆಯವರಿದ್ದಾರೆ ಎನ್ನುವುದು ಅವರ ಈಗಿನ ನಿಲುವು.

ತೀವ್ರ ಗಮನ ಫಲ ಕೊಟ್ಟ ಉದಾಹರಣೆಗಳು ಇನ್ನೂ ಇವೆ. ಆಟಿಸಂ ಇರುವ, ಉತ್ತರ ಐರ್ಲೆಂಡಿನ ಡಾರಾ ಮೆಕನಲ್ಟಿ 2004ರಲ್ಲಿ ಹುಟ್ಟಿದವರು. ಹಕ್ಕಿ, ಹುಳು, ಹೂಗಳ ಮೇಲಿನ ಅವರ ಅಗಾಧ ಗಮನ ಹದಿಹರೆಯದಲ್ಲೇ ನಿಸರ್ಗ ದಿನಚರಿಯ ಪುಸ್ತಕವಾಗಿ, 2020ರಲ್ಲಿ ಬ್ರಿಟನ್ನಿನ ವೇನ್‌ರೈಟ್ ಬಹುಮಾನ ಪಡೆಯಿತು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವರ್ನನ್ ಸ್ಮಿತ್, ಹೊರಗಿನದೆಲ್ಲ ಮರೆತು ಒಂದೇ ಕೆಲಸದಲ್ಲಿ ಮುಳುಗುವ ತಮ್ಮ ಸ್ವಭಾವವನ್ನು ಆಸ್ಪರ್ಗರ್ ಲಕ್ಷಣಗಳೊಂದಿಗೆ (ಆಟಿಸಂನ ಒಂದು ರೂಪಕ್ಕೆ ಹಿಂದೆ ಇದ್ದ ಹೆಸರು) ಸೇರಿಸಿ ಬಹಿರಂಗವಾಗಿ ಮಾತಾಡಿದ್ದಾರೆ. 2004ರ ಮಾರ್ಚ್ 14ರಂದು, ಆಟಿಸಂ ಇರುವ ಡೇನಿಯಲ್ ಟ್ಯಾಮೆಟ್ ಆಕ್ಸ್‌ಫರ್ಡಿನಲ್ಲಿ ಪೈ ಸಂಖ್ಯೆಯ 22,514 ಅಂಕೆಗಳನ್ನು ಐದು ಗಂಟೆಗೂ ಹೆಚ್ಚು ಹೊತ್ತು ಬಾಯಿಂದ ಹೇಳಿದರು. ಇಂಥ ಅಸಾಧಾರಣ ಶಕ್ತಿ ಇರುವವರು ಆಟಿಸಂ ಇರುವವರಲ್ಲಿ ಅಲ್ಪಸಂಖ್ಯಾತರು. ಎಲ್ಲರಿಗೂ ಇಂಥ ಶಕ್ತಿ ಇರುತ್ತದೆ ಎಂಬ ತಪ್ಪು ತಿಳಿವಳಿಕೆಯನ್ನು 1988ರ ರೈನ್ ಮ್ಯಾನ್ ಸಿನಿಮಾ ಬಹಳ ಹರಡಿತು. ಅದರಲ್ಲಿನ ಆಟಿಸಂ ಇರುವ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರಿಗೆ ಇದ್ದದ್ದು ಬೇರೆ ಸ್ಥಿತಿ ಎಂದು ಬಳಿಕ ತಜ್ಞರು ಅಭಿಪ್ರಾಯಪಟ್ಟರು. ನ್ಯೂಟನ್, ಐನ್‌ಸ್ಟೈನ್ ಅವರಿಗೆ ಆಟಿಸಂ ಇತ್ತೇ ಎಂಬ ಊಹೆಗಳೂ ಆಗಾಗ ಕೇಳಿಬರುತ್ತವೆ. ಸತ್ತವರನ್ನು ಹೀಗೆ ಪರೀಕ್ಷಿಸುವುದರಿಂದ ಇಂದು ಬೆಂಚಿನ ಮೇಲೆ ಕೂತ ಮಗುವಿಗೆ ಸಿಗುವುದು ಹೊರಲಾರದ ನಿರೀಕ್ಷೆಯ ಭಾರ ಮಾತ್ರ.

ತರಗತಿಯೊಳಗೆ

ಬಹುಕಾಲ ಶಾಲೆಗಳು ಈ ಆಸಕ್ತಿಯನ್ನು ಎರಡು ರೀತಿಯಲ್ಲಿ ನಡೆಸಿಕೊಂಡವು. ಒಂದು, ಅದನ್ನು ತಡೆಯುವುದು. ಇನ್ನೊಂದು, ಬಹುಮಾನವಾಗಿ ಬಳಸುವುದು: ಹತ್ತು ಲೆಕ್ಕ ಮಾಡಿದರೆ ಹತ್ತು ನಿಮಿಷ ರೈಲಿನ ಪುಸ್ತಕ. ಎರಡರಲ್ಲೂ ಆಸಕ್ತಿ ಪಾಠದ ಹೊರಗೇ ಉಳಿಯುತ್ತದೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಅಧ್ಯಯನ ಮಾಡಿದ ರೆಬೆಕಾ ವುಡ್, ಅದನ್ನು ಪಾಠದ ಒಳಗೆ ತಂದಾಗ ಮಕ್ಕಳು ಹೆಚ್ಚು ಹೊತ್ತು ಕೂತು ಕಲಿಯುತ್ತಾರೆ, ಮಾತು ಹೆಚ್ಚುತ್ತದೆ, ಆತಂಕ ಇಳಿಯುತ್ತದೆ, ಪಕ್ಕದಲ್ಲಿ ಸಹಾಯಕರು ಸದಾ ಕೂತಿರಬೇಕಾದ ಅಗತ್ಯವೂ ಕಡಿಮೆಯಾಗುತ್ತದೆ ಎಂದು ಕಂಡರು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ 2003ರಿಂದ ನೆಸ್ಟ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಆಟಿಸಂ ಇರುವ ಕೆಲವೇ ಮಕ್ಕಳನ್ನು ಉಳಿದವರ ಜೊತೆ ಒಂದೇ ತರಗತಿಯಲ್ಲಿ ಕೂರಿಸಿ ಇಬ್ಬರು ಶಿಕ್ಷಕರು ಸೇರಿ ಪಾಠ ಮಾಡುತ್ತಾರೆ. ಅಲ್ಲಿ ಕೆಲಸ ಮಾಡಿದ ತಜ್ಞರು ಮಗುವಿನ ಆಸಕ್ತಿಯನ್ನೇ ಪಾಠ ಮತ್ತು ಗೆಳೆತನಕ್ಕೆ ಆಧಾರ ಮಾಡಿಕೊಳ್ಳಲು ಒತ್ತಾಯಿಸುತ್ತಾರೆ.

ಪತ್ರಕರ್ತ ರಾನ್ ಸಸ್ಕಿಂಡ್ ತಮ್ಮ ಮಗ ಓವೆನ್ ಬಗ್ಗೆ 2014ರಲ್ಲಿ ಪುಸ್ತಕ ಬರೆದರು. ಮೂರನೆಯ ವಯಸ್ಸಿನ ಹೊತ್ತಿಗೆ ಮಾತು ಕಳೆದುಕೊಂಡಿದ್ದ ಹುಡುಗ ಡಿಸ್ನಿ ಸಿನಿಮಾಗಳನ್ನು ಸಾಲು ಸಾಲಾಗಿ ಕಂಠಪಾಠ ಮಾಡಿದ್ದ. ಮನೆಯವರು ಆ ಪಾತ್ರಗಳ ದನಿಯಲ್ಲೇ ಅವನೊಂದಿಗೆ ಮಾತಿಗಿಳಿದರು. ಅವನು ಓದಲು ಕಲಿತದ್ದೂ ಸಿನಿಮಾದ ಕೊನೆಯಲ್ಲಿ ಸರಿಯುವ ಹೆಸರುಗಳ ಪಟ್ಟಿಯಿಂದ.

ಶಿಕ್ಷಕರು ಇದನ್ನು ಮಾಡಲು ದುಬಾರಿ ಸಾಮಗ್ರಿ ಬೇಕಿಲ್ಲ. ರೈಲಿನ ಆಸಕ್ತಿ ಇರುವ ಹುಡುಗನೊಬ್ಬನಿಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಮಾರ್ಗ ಒಂದೇ ಸಾಕಷ್ಟು ಪಠ್ಯ ಒದಗಿಸುತ್ತದೆ. ಅಲ್ಲಿ 57 ಸುರಂಗಗಳಿವೆ, ಹಳಿಯ ಏರು 50ಕ್ಕೆ 1. ಆ ಏರಿನಿಂದ ಅನುಪಾತ ಮತ್ತು ತ್ರಿಕೋನಮಿತಿ, ಸುರಂಗಗಳಿಂದ ಪಶ್ಚಿಮ ಘಟ್ಟದ ಬಂಡೆಗಳು, ಮಳೆಗಾಲದ ಗುಡ್ಡ ಕುಸಿತದಿಂದ ಭೂಗೋಳ, ಹೆಚ್ಚುವರಿ ಎಂಜಿನ್‌ನಿಂದ ಭೌತಶಾಸ್ತ್ರ, ಪ್ರಯಾಣದ ವರ್ಣನೆಯಿಂದ ಕನ್ನಡ ಪ್ರಬಂಧ. ಇದರಲ್ಲಿ ಒಂದು ಎಚ್ಚರ ಬೇಕು. ಎಲ್ಲ ಪಾಠಕ್ಕೂ ರೈಲನ್ನೇ ಎಳೆದು ತಂದರೆ ಮಗುವಿಗೆ ವಿರಾಮದ ಜಾಗವೇ ಉಳಿಯುವುದಿಲ್ಲ. ಆಸಕ್ತಿ ಓದಿಗೆ ಉಪಯೋಗವಾಗಲಿ ಬಿಡಲಿ, ಅದು ಮಗುವಿನ ಸ್ವಂತ ಸುಖ. ಅದರ ಒಂದು ಪಾಲನ್ನು ದೊಡ್ಡವರು ಮುಟ್ಟದೆ ಬಿಡುವುದೇ ಮರ್ಯಾದೆ.

ಕಷ್ಟಗಳನ್ನೂ ಮುಚ್ಚಿಡುವಂತಿಲ್ಲ. ಆಸಕ್ತಿಯ ವಿಷಯದಲ್ಲಿ ರಾತ್ರಿಯಿಡೀ ಓದಿ ಬೆಳಿಗ್ಗೆ ಬೇರೆ ವಿಷಯದ ಪರೀಕ್ಷೆಗೆ ಖಾಲಿ ತಲೆಯಲ್ಲಿ ಹೋಗುವುದುಂಟು. ಶುರುಮಾಡಿದ್ದನ್ನು ನಿಲ್ಲಿಸಲಾಗದಿರುವುದು ಒಂದಾದರೆ, ಮಾಡಬೇಕೆಂದು ಮನಸ್ಸಿದ್ದರೂ ಶುರುವೇ ಮಾಡಲಾಗದೆ ಕೂತುಬಿಡುವುದು ಇನ್ನೊಂದು. ಈ ಜಡತೆಯ ಬಗ್ಗೆ ಬ್ರಿಟನ್ನಿನ ಕ್ಯಾರೆನ್ ಬಕಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗಿನವರು ಬಂದು ಎಬ್ಬಿಸದ ಹೊರತು ತಾವಾಗಿ ಹೊರಬರಲು ಸಾಧ್ಯವಾಗದೆಂದು ಹೇಳಿಕೊಂಡವರಿದ್ದಾರೆ. ಹೊರಗಿನ ಕಣ್ಣಿಗೆ ಇದು ಸೋಮಾರಿತನ. ಬೈಗುಳದಿಂದ ಇದು ಕರಗುವುದಿಲ್ಲ. ಪಕ್ಕದಲ್ಲಿ ಒಬ್ಬರು ಕೂತು ಮೊದಲ ಸಾಲು ಬರೆಸಿದರೆ ಎಷ್ಟೋ ಸಲ ಮುಂದಿನದು ತಾನಾಗಿ ಸಾಗುತ್ತದೆ.

ಒಳ್ಳೆಯ ಶಿಕ್ಷಕರು ಅನುಭವದಿಂದ ಕಂಡುಕೊಂಡ ಉಪಾಯಗಳು ಸರಳವಾಗಿವೆ. ವಿಷಯ ಬದಲಿಸುವ ಹತ್ತು ನಿಮಿಷ ಮೊದಲೇ ತಿಳಿಸುವುದು. ಬಾಯಿಮಾತಿನ ಸೂಚನೆಯನ್ನು ಹಲಗೆಯ ಮೇಲೂ ಬರೆಯುವುದು. ಉತ್ತರದಲ್ಲಿ ಎಷ್ಟು ಅಂಶ ಬೇಕು, ಏನನ್ನು ಬಿಡಬೇಕು ಎಂದು ಬಿಚ್ಚಿ ಹೇಳುವುದು. ಮಾದರಿ ಉತ್ತರ ತೋರಿಸುವುದು. ಒಂದು ವಿಷಯಕ್ಕೆ ಒಟ್ಟಿಗೆ ಎರಡು ಪೀರಿಯಡ್ ಕೊಡುವುದು. ಇವುಗಳಿಂದ ಉಳಿದ ಮಕ್ಕಳಿಗೂ ನಷ್ಟವೇನಿಲ್ಲ.

ಭಾರತದಲ್ಲಿ, ಕರ್ನಾಟಕದಲ್ಲಿ

ಭಾರತದ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಶಾಲೆ, ಪರೀಕ್ಷೆಗಳಲ್ಲಿ ಹಕ್ಕಿನ ಮಾತು ಗಟ್ಟಿಯಾಯಿತು. ಅದರ 17ನೆಯ ಸೆಕ್ಷನ್ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳನ್ನು ಹೇಳುತ್ತದೆ. ವಿನಾಯಿತಿ ಅನೇಕರಿಗೆ ವರ. ಆದರೆ ಲಿಪಿ ಮತ್ತು ವ್ಯಾಕರಣಗಳೇ ಪ್ರಾಣವಾಗಿರುವ ಮಕ್ಕಳೂ ಇದ್ದಾರೆ. ಅಂಗಡಿಯ ಬೋರ್ಡುಗಳನ್ನು ನೋಡಿ ಮೂರು ವರ್ಷಕ್ಕೇ ಓದಲು ಕಲಿಯುವ ಮಕ್ಕಳನ್ನು ತಜ್ಞರು 1967ರಿಂದಲೇ ಪ್ರತ್ಯೇಕವಾಗಿ ಗುರುತಿಸುತ್ತ ಬಂದಿದ್ದಾರೆ. ಅಂಥ ಮಗುವಿನಿಂದ ಭಾಷೆಯನ್ನೇ ಕಿತ್ತರೆ ಅದು ಶಾಲೆಗೆ ಬರುವ ಕಾರಣವನ್ನೇ ಕಿತ್ತಂತೆ. ವಿನಾಯಿತಿ ಬೇಕೇ ಬೇಡವೇ ಎಂಬುದನ್ನು ಪ್ರತಿ ಮಗುವನ್ನೂ ನೋಡಿ ನಿರ್ಧರಿಸಬೇಕು.

ದೆಹಲಿಯಲ್ಲಿ 1991ರಲ್ಲಿ ಮೆರಿ ಬರುವಾ ಕಟ್ಟಿದ ಆಕ್ಷನ್ ಫಾರ್ ಆಟಿಸಂ ದೇಶದಲ್ಲಿ ಪೋಷಕರ ಚಳವಳಿಗೆ ಹಾದಿ ಹಾಕಿತು. ಕರ್ನಾಟಕದಲ್ಲಿ ಪರೀಕ್ಷೆ ಮತ್ತು ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮುಖ್ಯ ಕೇಂದ್ರಗಳು. ಪುಟ್ಟ ಮಕ್ಕಳ ಮಾತು ಮತ್ತು ಕಲಿಕೆಗೆ ಪ್ರತಿಭಾ ಕಾರಂತ್ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಮ್ ಡೀಲ್ ಕಾರ್ಯಕ್ರಮವೂ ಹೆಸರಾಗಿದೆ. ಹೆಚ್ಚಿನ ಕೇಂದ್ರಗಳು ದೊಡ್ಡ ನಗರಗಳಲ್ಲೇ ಇರುವುದರಿಂದ ರಾಯಚೂರು, ಚಾಮರಾಜನಗರದ ಹಳ್ಳಿಯ ಪೋಷಕರಿಗೆ ದಾರಿ ದೂರ. ಬಾಯಿಪಾಠಕ್ಕೆ ಬೆಲೆ ಕೊಡುವ ನಮ್ಮ ಪರೀಕ್ಷೆಗಳಲ್ಲಿ ಒಳ್ಳೆಯ ನೆನಪಿನ ಶಕ್ತಿ ಇರುವ ಕೆಲವು ಮಕ್ಕಳು ಹತ್ತನೆಯ ತರಗತಿಯವರೆಗೆ ಮೇಲೆಯೇ ಇರುತ್ತಾರೆ. ತೊಂದರೆ ಹೊರಬೀಳುವುದು ಕಾಲೇಜಿನಲ್ಲಿ: ಗದ್ದಲದ ಹಾಸ್ಟೆಲ್, ಗುಂಪಿನ ಪ್ರಾಜೆಕ್ಟ್, ದಿನಕ್ಕೊಂದು ಬದಲಾಗುವ ವೇಳಾಪಟ್ಟಿ. ಒಳ್ಳೆಯ ಅಂಕ ಬಂದಿದೆಯಲ್ಲ, ಇವರಿಗೇನು ಕಷ್ಟ ಎಂಬ ಪ್ರಶ್ನೆ ಆಗ ನೆರವಿಗೇ ಅಡ್ಡಬರುತ್ತದೆ.

ಓದಿನ ನಂತರದ ಕೆಲಸದ ಬಗ್ಗೆಯೂ ಬೆಂಗಳೂರಿಗೆ ಒಂದು ಕಥೆಯಿದೆ. ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ, ತಮ್ಮ ಮಗನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ 2004ರಲ್ಲಿ ಸ್ಪೆಷಲಿಸ್ಟರ್ನೆ ಎಂಬ ಕಂಪನಿ ತೆರೆದು ಸಾಫ್ಟ್‌ವೇರ್ ಪರೀಕ್ಷೆಗೆ ಆಟಿಸಂ ಇರುವವರನ್ನು ತೆಗೆದುಕೊಂಡರು. ಜರ್ಮನಿಯ ಎಸ್‌ಎಪಿ 2013ರಲ್ಲಿ ಅವರೊಂದಿಗೆ ಕೈಜೋಡಿಸಿ ಜಗತ್ತಿನಾದ್ಯಂತ ಇಂಥ ನೇಮಕಾತಿ ಘೋಷಿಸಿತು. ಅದಕ್ಕೂ ಮೊದಲಿನ ಪ್ರಯೋಗ ನಡೆದದ್ದು ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್‌ನಲ್ಲಿ, ಆರು ಮಂದಿಯನ್ನು ಪರೀಕ್ಷಕರಾಗಿ ಸೇರಿಸಿಕೊಂಡು. ಬಳಿಕ ಹಲವು ಕಂಪನಿಗಳು ಈ ಹಾದಿ ಹಿಡಿದಿವೆ. ಆಟಿಸಂ ಎಂದರೆ ಸಾಫ್ಟ್‌ವೇರ್ ಎಂಬ ಹೊಸ ಅಚ್ಚು ಮಾತ್ರ ಬೇಡ. ವಿವರದ ಕಣ್ಣಿಗೆ ಕೆಲಸ ಕೊಡುವ ಜಾಗಗಳು ಬೇರೆಯೂ ಇವೆ: ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯ, ಹಸ್ತಪ್ರತಿ ಭಂಡಾರ, ಪತ್ರಾಗಾರ, ಕರಡು ತಿದ್ದುವ ಮೇಜು, ನಕ್ಷೆ ತಯಾರಿ, ಶಾಸನಗಳ ಪಡಿಯಚ್ಚು ಓದುವ ಕೊಠಡಿ, ವಾದ್ಯಗಳ ಶ್ರುತಿ ಮಾಡುವ ಅಂಗಡಿ. ಇಲ್ಲೆಲ್ಲ ಅರ್ಜಿ ಮತ್ತು ಸಂದರ್ಶನದ ಪದ್ಧತಿ ಈಗಲೂ ಕಣ್ಣಲ್ಲಿ ಕಣ್ಣಿಟ್ಟು ಚುರುಕಾಗಿ ಮಾತಾಡುವವರ ಪರವಾಗಿದೆ. ಸಂದರ್ಶನದ ಬದಲು ಅದೇ ಕೆಲಸ ಮಾಡಿಸಿ ನೋಡುವ ಕ್ರಮವನ್ನು ಸ್ಪೆಷಲಿಸ್ಟರ್ನೆಯಂಥ ಸಂಸ್ಥೆಗಳು ಬಳಕೆಗೆ ತಂದಿವೆ. ನಮ್ಮ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು ಅದನ್ನು ನಾಳೆಯೇ ಶುರುಮಾಡಬಹುದು.